29 ವಾರಕ್ಕೆ ಹುಟ್ಟಿದ ಶಿಶು: ಕೇಸ್ ಶೀಟಿನಲ್ಲಿ ಬರೆದಿರುವ ಅಪಾಯದ ಅಂಕವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ರಕ್ತದೊತ್ತಡ ವಿಪರೀತವಾಗಿ ಏರಿದ್ದರಿಂದ 29 ವಾರಕ್ಕೇ ಸಿಸೇರಿಯನ್ ಮಾಡಿ ಮಗುವನ್ನು ಹೊರತೆಗೆಯಬೇಕಾಯಿತು. ಹೆಣ್ಣು ಮಗು, ಹುಟ್ಟಿದಾಗ ತೂಕ 1,150 ಗ್ರಾಂ. ಹೆರಿಗೆಯಾದದ್ದು ತಾಲ್ಲೂಕು ಊರಿನ ಆಸ್ಪತ್ರೆಯಲ್ಲಿ. ಅಲ್ಲಿ ಇಷ್ಟು ಸಣ್ಣ ಮಗುವಿಗೆ ವ್ಯವಸ್ಥೆ ಇಲ್ಲದ ಕಾರಣ ಆಂಬುಲೆನ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ತಂದು ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುಗೆ ಸೇರಿಸಿದ್ದೇವೆ. ಇಂದು ಮೂರನೆಯ ದಿನ. ಉಸಿರಾಟಕ್ಕೆ ಮೂಗಿನ ಮೂಲಕ ಸತತ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಹಾಕಿದ್ದಾರೆ, ನಳಿಕೆಯಲ್ಲಿ ಹನಿ ಹನಿಯಾಗಿ ಹಾಲು ಆರಂಭಿಸಿದ್ದಾರೆ. ಹೆರಿಗೆಗೆ ಮುನ್ನ ಮಗುವಿನ ಶ್ವಾಸಕೋಶ ಬಲಿಯಲೆಂದು ತಂಗಿಗೆ ಚುಚ್ಚುಮದ್ದಿನ ಪೂರ್ತಿ ಕೋರ್ಸ್ ಕೊಟ್ಟಿದ್ದರು.

ತಂಗಿಯ ರಕ್ತದೊತ್ತಡ ಇನ್ನೂ ಹತೋಟಿಗೆ ಬಾರದ ಕಾರಣ ಅವಳು ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ಇದ್ದಾಳೆ, ಅವಳ ಗಂಡ ಅಲ್ಲಿದ್ದಾರೆ. ಮಗುವಿನ ಬಳಿ ಇರುವವನು ನಾನು. ದಿನವೂ ಸಂಜೆ ಅವಳು ಫೋನಿನಲ್ಲಿ ಕೇಳುವುದು ಒಂದೇ ಮಾತು, “ಅಣ್ಣಾ, ಡಾಕ್ಟರು ಏನಂದರು?” ವೈದ್ಯರು ನನಗೆ ಹೇಳಿರುವುದು “72 ಗಂಟೆ ಕಳೆಯಲಿ, ಆಮೇಲೆ ನೋಡೋಣ” ಎಂದು ಮಾತ್ರ. ಕೇಸ್ ಶೀಟಿನಲ್ಲಿ ಆಪ್ಗಾರ್ 5 ಮತ್ತು 8 ಎಂದೂ, ದಾಖಲಾದಾಗಿನ ದೇಹದ ತಾಪಮಾನ 35.4 ಡಿಗ್ರಿ ಎಂದೂ, ಅದರ ಕೆಳಗೆ ಕ್ರಿಬ್-2 ಅಂಕ 8 ಎಂದೂ ಬರೆದಿರುವುದನ್ನು ನೋಡಿದೆ. ಕೇಳಿದಾಗ ನರ್ಸ್ ಅದು ಅಪಾಯವನ್ನು ಅಳೆಯುವ ಅಂಕ ಎಂದರು. ಈ 8 ಎಂಬುದು ಹೆಚ್ಚೋ ಕಡಿಮೆಯೋ? 72 ಗಂಟೆ ಎಂಬ ಗಡುವು ಯಾವ ಲೆಕ್ಕದ್ದು? ವೈದ್ಯರ ಭೇಟಿಗೆ ಸಿಗುವ ಕೆಲವೇ ನಿಮಿಷಗಳಲ್ಲಿ ನಾನು ಯಾವ ಪ್ರಶ್ನೆ ಕೇಳಿದರೆ ತಂಗಿಗೆ ಸತ್ಯವಾದ ಉತ್ತರ ಕೊಡಲು ಸಾಧ್ಯವಾಗುತ್ತದೆ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಶಿಶುವೈದ್ಯ

ತುಂಗಾತೀರ ಅವರೇ, ನಾನು ನವಜಾತ ಶಿಶು ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ಮಗುವನ್ನು ಕಣ್ಣಾರೆ ನೋಡದೆ ಅದರ ಸ್ಥಿತಿಯ ಬಗ್ಗೆ ತೀರ್ಪು ಹೇಳುವುದು ಸರಿಯಲ್ಲ, ಹೇಳುವುದೂ ಇಲ್ಲ. ಆದರೆ ನೀವು ಕೇಳಿರುವ ಅಂಕಗಳ ಅರ್ಥವನ್ನು ವಿವರಿಸಬಲ್ಲೆ.

ಕ್ರಿಬ್ ಎಂಬ ಅಂಕಪದ್ಧತಿ 1993ರಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡಿತು. ನಿಮ್ಮ ಕೇಸ್ ಶೀಟಿನಲ್ಲಿರುವುದು 2003ರಲ್ಲಿ ಬಂದ ಅದರ ಪರಿಷ್ಕೃತ ರೂಪ. 32 ವಾರದೊಳಗೆ ಹುಟ್ಟಿದ ಶಿಶುಗಳಿಗಾಗಿ ಇರುವ ಈ ಪದ್ಧತಿಯಲ್ಲಿ ಗರ್ಭದ ವಾರ, ಜನನ ತೂಕ, ಗಂಡೋ ಹೆಣ್ಣೋ ಎಂಬುದು, ದಾಖಲಾದಾಗಿನ ತಾಪಮಾನ ಮತ್ತು ರಕ್ತದಲ್ಲಿ ಆಮ್ಲದ ಪ್ರಮಾಣ ಎಷ್ಟು ಏರಿದೆ ಎಂಬುದನ್ನು ತೋರಿಸುವ ಬೇಸ್ ಎಕ್ಸೆಸ್, ಈ ಐದೇ ಸಂಗತಿಗಳಿಗೆ ಅಂಕ ಕೊಟ್ಟು ಕೂಡುತ್ತಾರೆ. ಅತಿ ಹೆಚ್ಚೆಂದರೆ 27. ಅಂಕ ಏರಿದಷ್ಟೂ ಅಪಾಯ ಹೆಚ್ಚು. 29 ವಾರ ಮತ್ತು 1,150 ಗ್ರಾಂ ಎಂಬ ಎರಡು ಸಂಗತಿಗಳೇ ನಿಮ್ಮ ಮಗುವಿನ ಅಂಕದ ದೊಡ್ಡ ಪಾಲನ್ನು ತಂದಿರುತ್ತವೆ. ಅಂದರೆ ಆ 8ರಲ್ಲಿ ಬಹುಪಾಲು ಮಗು ಬೇಗ ಹುಟ್ಟಿತು ಎಂಬ, ನಿಮಗೆ ಆಗಲೇ ಗೊತ್ತಿರುವ ಮಾತನ್ನೇ ಹೇಳುತ್ತಿದೆ. ಅದು ಈ ಪಟ್ಟಿಯ ಕೆಳಗಿನ ಅರ್ಧಕ್ಕೆ ಸೇರಿದ ಅಂಕ.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು, ಈ ಅಂಕ ಮಗು ದಾಖಲಾದ ಮೊದಲ ಗಂಟೆಯ ಚಿತ್ರ ಎಂಬುದು. ಆ ಗಂಟೆಯ ನಂತರ ನಡೆದ ಯಾವುದೂ ಅದರಲ್ಲಿಲ್ಲ, ಅದಕ್ಕೆ ಮೊದಲು ನಡೆದ ಕೆಲವು ಒಳ್ಳೆಯ ಸಂಗತಿಗಳೂ ಇಲ್ಲ. ನಿಮ್ಮ ತಂಗಿಗೆ ಕೊಟ್ಟ ಸ್ಟೀರಾಯ್ಡ್ ಚುಚ್ಚುಮದ್ದನ್ನೇ ನೋಡಿ. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು ಇದರ ಪ್ರಯೋಜನವನ್ನು ತೋರಿಸಿಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಬೆಳಗಾವಿಯೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಪಡೆದ ತಾಯಂದಿರ ಅವಧಿಪೂರ್ವ ಶಿಶುಗಳಲ್ಲಿ ಸಾವು ಕಡಿಮೆಯಾಯಿತು. ಇಷ್ಟು ಬೆಲೆಬಾಳುವ ರಕ್ಷಣೆ ನಿಮ್ಮ ಮಗುವಿಗೆ ಸಿಕ್ಕಿದೆ ಎಂಬುದು ಕ್ರಿಬ್-2ಕ್ಕೆ ಗೊತ್ತೇ ಇಲ್ಲ. ಹುಟ್ಟಿದ ಒಂದನೆಯ ಮತ್ತು ಐದನೆಯ ನಿಮಿಷದಲ್ಲಿ ಮಗುವಿನ ಸ್ಥಿತಿ ನೋಡಿ ಹತ್ತಕ್ಕೆ ಇಷ್ಟು ಎಂದು ಕೊಡುವ ಆಪ್ಗಾರ್ ಅಂಕದ ಕಥೆಯೂ ಹೀಗೆಯೇ. ಸ್ನಾಯುಗಳ ಬಿಗುವು ಮತ್ತು ಪ್ರತಿಕ್ರಿಯೆಗಳನ್ನು ಅದು ಅಳೆಯುತ್ತದೆ, ಅವು ಅವಧಿಪೂರ್ವ ಶಿಶುವಿನಲ್ಲಿ ಸಹಜವಾಗಿಯೇ ಕಡಿಮೆ ಇರುವುದರಿಂದ ಮೊದಲ ನಿಮಿಷದ 5 ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಐದನೆಯ ನಿಮಿಷಕ್ಕೆ ಅದು 8ಕ್ಕೆ ಏರಿತು ಎಂಬುದು ಸಮಾಧಾನದ ಸಂಗತಿ.

ನನ್ನ ಕಣ್ಣು ನಿಂತದ್ದು 35.4 ಡಿಗ್ರಿಯ ಮೇಲೆ. ಇರಬೇಕಾದದ್ದು 36.5ರಿಂದ 37.5ರ ಒಳಗೆ. ದಾರಿಯಲ್ಲಿ ಮಗು ತಣ್ಣಗಾಗಿದೆ. ತಣ್ಣಗಾದ ಶಿಶು ಆಮ್ಲಜನಕವನ್ನೂ ಸಕ್ಕರೆಯನ್ನೂ ಬೇಗ ಖರ್ಚು ಮಾಡುತ್ತದೆ, ಉಸಿರಾಟದ ತೊಂದರೆ ಬಿಗಡಾಯಿಸುತ್ತದೆ. ಆದ್ದರಿಂದಲೇ ಆ ತಾಪಮಾನ ಅಂಕಪಟ್ಟಿಯಲ್ಲಿ ಸ್ಥಾನ ಪಡೆದಿದೆ. ದಾಖಲಾದ ಬಳಿಕ ಎಷ್ಟು ಬೇಗ ಮಗು ಬೆಚ್ಚಗಾಯಿತು, ರಕ್ತದ ಸಕ್ಕರೆ ಎಷ್ಟಿತ್ತು ಎಂದು ನೀವು ಅವಶ್ಯವಾಗಿ ಕೇಳಬಹುದು.

ಇನ್ನು 72 ಗಂಟೆಯ ಮಾತು. ಬೇಗ ಹುಟ್ಟಿದ ಶಿಶುವಿನ ಮೆದುಳಿನಲ್ಲಿ, ನೀರಿನ ಕೋಣೆಗಳ ಅಂಚಿನಲ್ಲಿ, ಬಹಳ ತೆಳುವಾದ ರಕ್ತನಾಳಗಳ ಒಂದು ಜಾಲ ಇರುತ್ತದೆ. ರಕ್ತದೊತ್ತಡ ಅಥವಾ ಇಂಗಾಲದ ಡೈಆಕ್ಸೈಡ್ ಥಟ್ಟನೆ ಏರಿಳಿದರೆ ಅವು ಒಡೆಯಬಹುದು, ಮತ್ತು ಹೀಗೆ ಆಗುವ ರಕ್ತಸ್ರಾವದ ಬಹುಪಾಲು ಮೊದಲ ಮೂರು ದಿನಗಳಲ್ಲಿಯೇ ಆಗುತ್ತದೆ. ಶ್ವಾಸಕೋಶದಲ್ಲಿ ಸರ್ಫ್ಯಾಕ್ಟಂಟ್ ಎಂಬ ಲೇಪದ ಕೊರತೆಯಿಂದ ಬರುವ ಉಸಿರಾಟದ ತೊಂದರೆಯೂ ಎರಡನೆಯ, ಮೂರನೆಯ ದಿನಗಳಲ್ಲಿ ತುತ್ತತುದಿ ಮುಟ್ಟಿ ಇಳಿಯತೊಡಗುತ್ತದೆ. ಈ ಎರಡು ಕಾರಣಗಳಿಂದ ವೈದ್ಯರು ಆ ಗಡುವನ್ನು ಹೇಳುತ್ತಾರೆ. ನೆತ್ತಿಯ ಮೆತ್ತನೆಯ ಭಾಗದ ಮೇಲೆ ಅಲ್ಟ್ರಾಸೌಂಡ್ ಸಾಧನವನ್ನಿಟ್ಟು ಮಗುವನ್ನು ಕದಲಿಸದೆಯೇ ತಲೆಯ ಸ್ಕ್ಯಾನ್ ಮಾಡಬಹುದು. ರಕ್ತಸ್ರಾವವಿದ್ದರೆ ಅದನ್ನು ನಾಲ್ಕು ದರ್ಜೆಗಳಲ್ಲಿ ಗುರುತಿಸುತ್ತಾರೆ. ಮೊದಲ ಎರಡು ದರ್ಜೆಗಳ ಶಿಶುಗಳಲ್ಲಿ ಹೆಚ್ಚಿನವು ಚೆನ್ನಾಗಿ ಬೆಳೆಯುತ್ತವೆ, ಮೂರು ಮತ್ತು ನಾಲ್ಕನೆಯ ದರ್ಜೆಗಳ ಬಗ್ಗೆ ನಾವು ಹೆಚ್ಚು ಎಚ್ಚರ ವಹಿಸುತ್ತೇವೆ. ನಾಳೆ ವೈದ್ಯರನ್ನು ಕಂಡಾಗ “ತಲೆಯ ಸ್ಕ್ಯಾನ್ ಆಯಿತೇ, ಏನು ಕಂಡಿತು, ಮತ್ತೆ ಯಾವಾಗ ಮಾಡುತ್ತೀರಿ?” ಎಂದು ಕೇಳಿ.

ಗಡುವು ದಾಟಿತೆಂದರೆ ಎಲ್ಲ ಅಪಾಯವೂ ಮುಗಿಯಿತು ಎಂದು ತಂಗಿಗೆ ಹೇಳಬೇಡಿ. ಒಂದು ಅಪಾಯ ಇಳಿಯುವ ಹೊತ್ತಿಗೆ ಇನ್ನೊಂದರ ಕಾಲ ಆರಂಭವಾಗುತ್ತದೆ. ಮೂರು ದಿನಗಳ ಬಳಿಕ ಸೋಂಕಿನ ಭಯ, ಹಾಲಿನ ಪ್ರಮಾಣ ಏರುತ್ತಾ ಹೋದ ವಾರಗಳಲ್ಲಿ ಕರುಳಿನ ಉರಿಯೂತದ ಭಯ, ಗರ್ಭದ ವಾರಗಳನ್ನೂ ಸೇರಿಸಿ ಎಣಿಸಿದಾಗ ಸುಮಾರು 34ರಿಂದ 36 ವಾರದ ವಯಸ್ಸು ತುಂಬುವವರೆಗೂ ಉಸಿರು ನಿಂತು ನಿಂತು ಬರುವ ತೊಂದರೆ, ಇದರ ನಡುವೆಯೇ ಕಣ್ಣಿನ ಪರೀಕ್ಷೆ. ಆದ್ದರಿಂದ “ಮಗುವಿಗೆ ಅಪಾಯವಿದೆಯೇ?” ಎಂದು ಕೇಳುವುದರ ಬದಲು “ಈ ವಾರ ನೀವು ಯಾವ ಅಪಾಯಕ್ಕಾಗಿ ಕಾಯುತ್ತಿದ್ದೀರಿ, ನಿನ್ನೆಗಿಂತ ಇಂದು ಅದು ಹೇಗಿದೆ?” ಎಂದು ಕೇಳಿದರೆ ನಿಮಗೆ ನಿಜವಾದ ಉತ್ತರ ಸಿಗುತ್ತದೆ.

ಅಂಕಿಸಂಖ್ಯೆ

ವೈದ್ಯರ ಮಾತಿಗೆ ಸಂಖ್ಯಾಶಾಸ್ತ್ರದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಇಂತಹ ಅಂಕಗಳು ಹುಟ್ಟಿಕೊಂಡದ್ದರ ಹಿಂದಿನ ದೊಡ್ಡ ಉದ್ದೇಶ ಆಸ್ಪತ್ರೆಗಳ ನಡುವೆ ನ್ಯಾಯವಾದ ಹೋಲಿಕೆ. ಅತಿ ಕಷ್ಟದ ಶಿಶುಗಳನ್ನೇ ದಾಖಲಿಸಿಕೊಳ್ಳುವ ಘಟಕದಲ್ಲಿ ಸಾವು ಹೆಚ್ಚಾಗಿದ್ದ ಮಾತ್ರಕ್ಕೆ ಅಲ್ಲಿಯ ಆರೈಕೆ ಕೆಟ್ಟದ್ದೆಂದು ಹೇಳಲಾಗದು. ಶಿಶುಗಳು ಬಂದಾಗಿನ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದ ಮೇಲೆಯೇ ಹೋಲಿಸಬೇಕು. ಮೊದಲ ಕ್ರಿಬ್ ಅಂಕದಲ್ಲಿ ಮಗುವಿಗೆ ಎಷ್ಟು ಆಮ್ಲಜನಕ ಕೊಟ್ಟರು ಎಂಬುದೂ ಸೇರಿತ್ತು. ಎಷ್ಟು ಕೊಡಬೇಕೆಂಬುದು ವೈದ್ಯರ ನಿರ್ಧಾರವಾದ್ದರಿಂದ ಆರೈಕೆಯ ರೀತಿಯೇ ಅಪಾಯದ ಅಂಕವನ್ನು ಏರಿಸುವ ಅಥವಾ ಇಳಿಸುವ ಸಾಧ್ಯತೆ ಇತ್ತು. ಪರಿಷ್ಕೃತ ರೂಪದಲ್ಲಿ ಅದನ್ನು ಕೈಬಿಟ್ಟರು. ದಾಖಲಾದಾಗಿನ ತಾಪಮಾನದ ಬಗ್ಗೆಯೂ ಇದೇ ಆಕ್ಷೇಪ ಇದೆ, ಏಕೆಂದರೆ ಅದು ಭಾಗಶಃ ಹೆರಿಗೆ ಕೋಣೆಯಲ್ಲಿ ಮತ್ತು ದಾರಿಯಲ್ಲಿ ಸಿಕ್ಕ ಆರೈಕೆಯ ಫಲ.

ಅಂಕದಿಂದ ಹೊರಡುವ ಶೇಕಡಾವಾರು ಆ ಅಂಕ ಪಡೆದ ಶಿಶುಗಳ ಗುಂಪಿಗೆ ಸೇರಿದ್ದು, ಮತ್ತು ಆ ಗುಂಪು ಅಂದಿನ ಬ್ರಿಟನ್ನಿನ ಆಸ್ಪತ್ರೆಗಳದ್ದು. ಇಲ್ಲಿಯ ನರ್ಸುಗಳ ಸಂಖ್ಯೆ, ಸೋಂಕಿನ ಪ್ರಮಾಣ, ಸಾಗಣೆಯ ಸ್ಥಿತಿ ಬೇರೆ. ಅಂಕಗಳ ಏರಿಳಿತದ ಕ್ರಮ ಇಲ್ಲಿಗೂ ಹೊಂದಬಹುದು, ಆದರೆ ಅಲ್ಲಿಯ ಶೇಕಡಾವಾರನ್ನು ಹಾಗೆಯೇ ಎತ್ತಿ ಒಂದು ಮಗುವಿಗೆ ಅಂಟಿಸುವುದು ಸರಿಯಲ್ಲ. ಗರ್ಭದ ವಾರವನ್ನು ಹೇಗೆ ನಿಗದಿ ಮಾಡಿದರು ಎಂಬುದನ್ನೂ ನೋಡಿ. ಮೊದಲ ಮೂರು ತಿಂಗಳಲ್ಲಿ ಸ್ಕ್ಯಾನ್ ಆಗಿದ್ದರೆ ಲೆಕ್ಕ ನಂಬಬಹುದಾದದ್ದು. ಆಗಿರದಿದ್ದರೆ, ಮತ್ತು ಕೊನೆಯ ಮುಟ್ಟಿನ ದಿನಾಂಕ ಖಚಿತವಾಗಿ ನೆನಪಿರದಿದ್ದರೆ, ಶಿಶುವಿನ ಚರ್ಮ, ಅಂಗಾಲಿನ ಗೆರೆ, ಕಿವಿ, ಕೈಕಾಲುಗಳ ಮಡಿಕೆ ಇವನ್ನೆಲ್ಲ ನೋಡಿ ಬ್ಯಾಲಾರ್ಡ್ ಪದ್ಧತಿಯಂತೆ ಅಂದಾಜು ಮಾಡುತ್ತಾರೆ. ಅದರಲ್ಲಿ ಎರಡು ವಾರ ಆಚೀಚೆ ಆಗಬಹುದು. ಎರಡು ವಾರದ ವ್ಯತ್ಯಾಸ ಕ್ರಿಬ್ ಅಂಕವನ್ನೇ ಬದಲಿಸಿಬಿಡುತ್ತದೆ.

ಸಿಸ್ಟರ್_ಉಡುಪಿ

ನಾನು ಎನ್‌ಐಸಿಯು ನರ್ಸ್. ಅಂಕ ಒಮ್ಮೆ ಬರೆದು ಬಿಡುವಂಥದ್ದು, ಆದರೆ ಪಾಳಿಯ ಉದ್ದಕ್ಕೂ ನಾವು ಮಾಡುವುದು ಅಪಾಯದ ಲೆಕ್ಕವೇ ಆಗಿರುತ್ತದೆ. ಉಸಿರಾಟಕ್ಕೆ ಸಿಲ್ವರ್‌ಮನ್ ಅಂಕ ಎಂಬುದೊಂದು ಇದೆ. ಎದೆ ಮತ್ತು ಹೊಟ್ಟೆ ಒಟ್ಟಿಗೆ ಏಳುತ್ತಿವೆಯೇ, ಪಕ್ಕೆಲುಬುಗಳ ನಡುವೆ ಗುಳಿ ಬೀಳುತ್ತಿದೆಯೇ, ಎದೆಮೂಳೆಯ ತುದಿ ಒಳಕ್ಕೆ ಎಳೆಯುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ, ಉಸಿರು ಬಿಡುವಾಗ ನರಳುವ ಸದ್ದು ಇದೆಯೇ, ಇವು ಐದನ್ನೂ ನೋಡಿ ಒಂದೊಂದಕ್ಕೆ 0ಯಿಂದ 2ರವರೆಗೆ ಕೊಡುತ್ತೇವೆ. ಆಪ್ಗಾರ್‌ಗೆ ತದ್ವಿರುದ್ಧವಾಗಿ ಇಲ್ಲಿ ಸೊನ್ನೆಯೇ ಒಳ್ಳೆಯದು. ಬೆಳಿಗ್ಗೆ 4 ಇದ್ದದ್ದು ಸಂಜೆಗೆ 2 ಆಯಿತೆಂದರೆ ಸಿಪ್ಯಾಪ್ ಕೆಲಸ ಮಾಡುತ್ತಿದೆ ಎಂದರ್ಥ. 6ನ್ನು ದಾಟಿತೆಂದರೆ ವೈದ್ಯರನ್ನು ಕೂಡಲೇ ಕರೆಯುತ್ತೇವೆ.

ಮಾನಿಟರ್ ಹೇಳುವ ಮೊದಲೇ ಕೈಗೆ ತಿಳಿಯುವ ಸಂಗತಿಗಳಿವೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿಯಾಗತೊಡಗಿದೆ ಎಂದು ಗೊತ್ತಾಗುತ್ತದೆ, ಥರ್ಮಾಮೀಟರ್ ಆ ಹೊತ್ತಿಗೆ ಇನ್ನೂ ಸರಿಯಾದ ಅಂಕಿಯನ್ನೇ ತೋರಿಸುತ್ತಿರಬಹುದು. ಎದೆಯ ಮೇಲೆ ಬೆರಳಿಟ್ಟು ಒತ್ತಿ ಬಿಟ್ಟಾಗ ಬಿಳಿಚಿಕೊಂಡ ಜಾಗಕ್ಕೆ ಮೂರು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಒದ್ದೆಯಾದ ಡೈಪರನ್ನು ತೂಕ ಮಾಡಿ ಒಣ ಡೈಪರಿನ ತೂಕ ಕಳೆದು ಮೂತ್ರ ಎಷ್ಟು ಹೋಯಿತೆಂದು ಬರೆಯುತ್ತೇವೆ. ಹಾಲು ಕೊಡುವ ಮುನ್ನ ಹೊಟ್ಟೆ ಉಬ್ಬಿದೆಯೇ ಎಂದು ನೋಡುತ್ತೇವೆ, ನಳಿಕೆಯಲ್ಲಿ ಹಸಿರು ಬಣ್ಣದ ದ್ರವ ಬಂದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಹಾಲು ನಿಲ್ಲಿಸಿ ವೈದ್ಯರಿಗೆ ತಿಳಿಸುತ್ತೇವೆ. ಉಸಿರು 20 ಸೆಕೆಂಡು ನಿಂತರೆ, ಅಥವಾ ಅಷ್ಟು ಹೊತ್ತಾಗುವ ಮೊದಲೇ ಹೃದಯ ಬಡಿತ ಇಳಿದರೆ, ಸಮಯ ಹಾಕಿ ದಾಖಲಿಸುತ್ತೇವೆ. ತಾನಾಗಿಯೇ ಸರಿಹೋಯಿತೇ, ಅಂಗಾಲು ತಟ್ಟಬೇಕಾಯಿತೇ, ಮಾಸ್ಕ್ ಹಿಡಿದು ಉಸಿರು ಕೊಡಬೇಕಾಯಿತೇ ಎಂಬುದನ್ನೂ ಬರೆಯುತ್ತೇವೆ. ಒಂದೆರಡು ಬಾರಿ ಹೀಗಾಗುವುದು ಇಷ್ಟು ಬೇಗ ಹುಟ್ಟಿದ ಮಗುವಿನಲ್ಲಿ ಸಾಮಾನ್ಯ, ಅದಕ್ಕೆ ಕೆಫೀನ್ ಔಷಧಿಯನ್ನೂ ಕೊಡುತ್ತಾರೆ. ಆದರೆ ನಿನ್ನೆ ಶಾಂತವಾಗಿದ್ದ ಮಗುವಿನಲ್ಲಿ ಇಂದು ಪದೇ ಪದೇ ಕಾಣಿಸಿದರೆ ಸೋಂಕಿನ ಮೊದಲ ಸುಳಿವು ಅದೇ ಆಗಿರಬಹುದು.

ಆದ್ದರಿಂದ ಅಣ್ಣಾ, ಒಂದು ದಿನದ ಒಂದು ಅಂಕಿಗೆ ಹೆದರಬೇಡಿ. ಮೊದಲ ವಾರದಲ್ಲಿ ತೂಕ ಶೇಕಡಾ 10ರಷ್ಟು ಇಳಿದರೂ ಅದು ನಿರೀಕ್ಷಿತವೇ. ಎರಡನೆಯ ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳಿ, ಆ ಮೇಲೆ ಏರುತ್ತಿದೆಯೇ ಎಂಬುದನ್ನು ನೋಡಿ. ಮತ್ತೊಂದು ಮಾತು: ತಂಗಿಯವರ ಎದೆಹಾಲನ್ನು ಈಗಿನಿಂದಲೇ ಹಿಂಡಿಸಿ, ಶುಚಿಯಾದ ಡಬ್ಬಿಯಲ್ಲಿ ತಂಪಾಗಿಟ್ಟು ದಿನವೂ ತರಿಸಲು ಸಾಧ್ಯವೇ ಎಂದು ಎರಡೂ ಆಸ್ಪತ್ರೆಗಳಲ್ಲಿ ಕೇಳಿ. ಹಳದಿ ಬಣ್ಣದ ಆ ಮೊದಲ ಹಾಲು ಕೆಲವೇ ಹನಿ ಬಂದರೂ ತನ್ನಿ. ಕರುಳಿನ ಉರಿಯೂತದ ಅಪಾಯವನ್ನು ತಗ್ಗಿಸಲು ನಮ್ಮ ಕೈಯಲ್ಲಿರುವ ಬಲವಾದ ಸಾಧನ ತಾಯಿಯ ಹಾಲೇ.

ತುಂಗಾತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ತಲೆಯ ಸ್ಕ್ಯಾನ್ ಬಗ್ಗೆ ಕೇಳಿದೆ. ಆಗಿದೆಯಂತೆ, ರಕ್ತಸ್ರಾವ ಕಂಡಿಲ್ಲ, ಏಳನೆಯ ದಿನದ ಹೊತ್ತಿಗೆ ಮತ್ತೊಮ್ಮೆ ಮಾಡುತ್ತಾರೆ. ಹಾಲು ತರಿಸುವ ವ್ಯವಸ್ಥೆಯೂ ಆಗಿದೆ. ಇನ್ನೆರಡು ಸಂಶಯಗಳಿವೆ. ನವಜಾತ ಶಿಶುವಿನ ಸೋಂಕಿನ ಅಪಾಯವನ್ನು ಲೆಕ್ಕ ಹಾಕುವ ಅಮೆರಿಕದ ಕ್ಯಾಲ್ಕುಲೇಟರ್ ಒಂದು ಅಂತರ್ಜಾಲದಲ್ಲಿ ಸಿಕ್ಕಿತು, ಆದರೆ ಅದರಲ್ಲಿ 29 ವಾರ ಎಂದು ತುಂಬಲು ಆಗುತ್ತಿಲ್ಲ. ಎರಡನೆಯದಾಗಿ, ಇಷ್ಟು ಅಪಾಯದಲ್ಲಿರುವ ಮಗುವನ್ನು ಎದೆಗವಚಿಕೊಳ್ಳುವ ಕಾಂಗರೂ ಆರೈಕೆಯನ್ನು ಸಿಪ್ಯಾಪ್ ತೆಗೆದ ಮೇಲೆಯೇ ಆರಂಭಿಸಬೇಕೇ?

ಶಿಶುವೈದ್ಯ

ಸ್ಕ್ಯಾನ್ ಸುದ್ದಿ ಕೇಳಿ ಸಂತೋಷವಾಯಿತು. ಇದನ್ನು ತಂಗಿಗೆ ಧೈರ್ಯವಾಗಿ ಹೇಳಿ.

ಆ ಕ್ಯಾಲ್ಕುಲೇಟರ್ 34 ವಾರ ಮತ್ತು ಅದಕ್ಕಿಂತ ಹೆಚ್ಚಿನ ಶಿಶುಗಳಿಗೆ ಮಾತ್ರ ಇರುವುದು, ಆದ್ದರಿಂದ ಅದು 29ನ್ನು ಒಪ್ಪದಿರುವುದು ಸರಿಯಾಗಿಯೇ ಇದೆ. ವಾರವನ್ನು 34 ಎಂದು ಬದಲಿಸಿ ತುಂಬಿ ನೋಡಬೇಡಿ, ಬರುವ ಉತ್ತರಕ್ಕೂ ನಿಮ್ಮ ಮಗುವಿಗೂ ಸಂಬಂಧವಿರುವುದಿಲ್ಲ. ಇದಲ್ಲದೆ ಅಲ್ಲಿಯ ಲೆಕ್ಕ ನಿಂತಿರುವುದು ಅಲ್ಲಿಯ ಸೋಂಕಿನ ಪ್ರಮಾಣ ಮತ್ತು ಅಲ್ಲಿಯ ರೋಗಾಣುಗಳ ಮೇಲೆ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನವಜಾತ ಶಿಶುಗಳ ಸೋಂಕಿಗೆ ಹೆಚ್ಚಾಗಿ ಕಾರಣವಾದವು ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂಥವು. ಅವುಗಳಲ್ಲಿ ಹಲವು ಔಷಧಿಗಳಿಗೆ ಬಗ್ಗದವು ಬಹಳ ಇದ್ದವು. ಹಾಗಾಗಿ ಇಲ್ಲಿ ಸೋಂಕಿನ ಅಂದಾಜು ಮಾಡುವುದು ಮಗುವಿನ ಚಲನವಲನ, ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಮತ್ತು ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನಿನ ಪರೀಕ್ಷೆಗಳನ್ನು ಕೂಡಿಸಿ. ಸಿಆರ್‌ಪಿ ಏರಲು ಹಲವು ಗಂಟೆ ಬೇಕಾಗುವುದರಿಂದ ಮೊದಲ ಬಾರಿಗೆ ಸರಿ ಬಂದರೂ ಮರುದಿನ ಮತ್ತೆ ಮಾಡುವುದುಂಟು, ಅದನ್ನು ಕಂಡು ಗಾಬರಿಯಾಗಬೇಡಿ. ಕಲ್ಚರ್ ವರದಿಯಲ್ಲಿ ಏನೂ ಬೆಳೆಯದೆ ಮಗುವೂ ಚೆನ್ನಾಗಿದ್ದರೆ ಆ್ಯಂಟಿಬಯಾಟಿಕ್ ನಿಲ್ಲಿಸುವುದು ಒಳ್ಳೆಯ ಲಕ್ಷಣ. “ಇನ್ನೂ ಎರಡು ದಿನ ಕೊಡಿ ಡಾಕ್ಟರೇ” ಎಂದು ಮನೆಯವರು ಒತ್ತಾಯಿಸುವುದನ್ನು ನೋಡಿದ್ದೇನೆ. ಅನಗತ್ಯವಾಗಿ ಮುಂದುವರಿಸಿದ ಆ್ಯಂಟಿಬಯಾಟಿಕ್ ಕೂಡ ಈ ಶಿಶುಗಳಿಗೆ ಒಂದು ಅಪಾಯವೇ.

ಕಾಂಗರೂ ಆರೈಕೆಯ ಬಗ್ಗೆ ನಮ್ಮ ತಿಳಿವಳಿಕೆಯೇ ಬದಲಾಗಿದೆ. ಮೊದಲು ಶಿಶು ಸ್ಥಿರವಾದ ಮೇಲೆಯೇ ಆರಂಭಿಸುತ್ತಿದ್ದೆವು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 1 ಕಿಲೋದಿಂದ 1.8 ಕಿಲೋದೊಳಗಿನ ಶಿಶುಗಳಿಗೆ ಹುಟ್ಟಿದ ಕೂಡಲೇ, ಸ್ಥಿರವಾಗುವುದನ್ನು ಕಾಯದೆ, ಇದನ್ನು ಆರಂಭಿಸಿದರು. ಮೊದಲ 28 ದಿನಗಳಲ್ಲಿ ಸಾವಿನ ಪ್ರಮಾಣ ಶೇಕಡಾ 15.7 ಇದ್ದದ್ದು 12.0ಕ್ಕೆ ಇಳಿಯಿತು. ನಿಮ್ಮ ಮಗುವಿನ ತೂಕ ಆ ವ್ಯಾಪ್ತಿಯಲ್ಲಿದೆ. ಸಿಪ್ಯಾಪ್ ಇದ್ದಾಗಲೂ, ನರ್ಸ್ ಪಕ್ಕದಲ್ಲಿದ್ದು ಮಾನಿಟರ್ ಜೋಡಿಸಿಕೊಂಡು, ಇದನ್ನು ಮಾಡಬಹುದು. ನಿಮ್ಮ ಘಟಕದಲ್ಲಿ ಸ್ಥಳ ಮತ್ತು ಸಿಬ್ಬಂದಿಯ ಅನುಕೂಲ ಹೇಗಿದೆಯೋ ಕೇಳಿ ನೋಡಿ. ತಾಯಿ ಬರುವವರೆಗೆ ಅಜ್ಜಿಯೋ ತಂದೆಯೋ ಎದೆಗವಚಿಕೊಳ್ಳಬಹುದು. ಸೋದರಮಾವನಾದ ನಿಮಗೂ ಅಡ್ಡಿಯಿಲ್ಲ.

ಕೊಪ್ಪಳದ_ಅಮ್ಮ

ನನ್ನ ಮಗ 31 ವಾರಕ್ಕೆ ಹುಟ್ಟಿದವನು, ಈಗ ಶಾಲೆಗೆ ಹೋಗುತ್ತಿದ್ದಾನೆ. ನಮ್ಮ ಜಿಲ್ಲೆಯಲ್ಲಿ ಕಾಂಗರೂ ಆರೈಕೆಯ ಬಗ್ಗೆ ಬಹಳ ಕೆಲಸ ನಡೆದದ್ದರಿಂದ ನನಗೆ ಅದನ್ನು ಚೆನ್ನಾಗಿ ಕಲಿಸಿದ್ದರು, ಮನೆಗೆ ಬಂದ ಮೇಲೂ ಆಶಾ ಕಾರ್ಯಕರ್ತೆ ಬಂದು ನೋಡಿ ಹೋಗುತ್ತಿದ್ದರು. ಅಣ್ಣನವರಿಗೆ ನಾನು ಹೇಳಬೇಕಾದದ್ದು ಕಣ್ಣಿನ ಪರೀಕ್ಷೆಯ ಬಗ್ಗೆ. ಮಗುವಿನ ತೂಕ ಏರಿತು, ಡಿಸ್ಚಾರ್ಜ್ ಆಯಿತು ಎಂಬ ಸಂಭ್ರಮದಲ್ಲಿ ಕುಟುಂಬಗಳು ಮರೆಯುವುದು ಇದನ್ನೇ. ಅವಧಿಪೂರ್ವ ಶಿಶುವಿನ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದರೆ ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ, ಕಾಣುವ ಹೊತ್ತಿಗೆ ದೃಷ್ಟಿ ಹೋಗಿರುತ್ತದೆ. 30 ದಿನದೊಳಗೆ ತೋರಿಸಬೇಕೆಂದು ನಮಗೆ ಹೇಳಿದ್ದರು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಎನ್‌ಐಸಿಯುಗಳಿಗೇ ಬಂದು ಕಣ್ಣಿನ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ನಿಮ್ಮ ಆಸ್ಪತ್ರೆಗೆ ಇಂಥ ತಂಡ ಯಾವ ದಿನ ಬರುತ್ತದೆ ಎಂದು ಈಗಲೇ ಕೇಳಿ ಇಟ್ಟುಕೊಳ್ಳಿ.

ಶಿಶುವೈದ್ಯ

ಅಮ್ಮನವರು ಬಹಳ ಮುಖ್ಯವಾದದ್ದನ್ನು ನೆನಪಿಸಿದ್ದಾರೆ. ನಮ್ಮ ದೇಶದಲ್ಲಿ 34 ವಾರದೊಳಗೆ ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಎಲ್ಲ ಶಿಶುಗಳಿಗೂ ಈ ಪರೀಕ್ಷೆ ಆಗಬೇಕು, 30 ದಿನ ಎಂಬುದು ಅವರಿಗೆ ಇರುವ ಹೊರಗಿನ ಗಡಿ. ಆದರೆ 28 ವಾರದೊಳಗಿನ ಅಥವಾ 1,200 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳಲ್ಲಿ ರೋಗ ಬಹಳ ವೇಗವಾಗಿ ಬೆಳೆಯುವ ಒಂದು ಬಗೆ ಇರುವುದರಿಂದ ಅವರನ್ನು ಎರಡರಿಂದ ಮೂರು ವಾರದ ಒಳಗೆ ನೋಡಬೇಕು. ತುಂಗಾತೀರ ಅವರ ಮಗು 1,150 ಗ್ರಾಂ. ಹಾಗಾಗಿ 30ನೆಯ ದಿನದವರೆಗೆ ಕಾಯಬೇಡಿ. ಹುಟ್ಟಿದ ದಿನದಿಂದ ಎಣಿಸಿ ಮೂರನೆಯ ವಾರ ಮುಗಿಯುವ ದಿನಾಂಕವನ್ನು ಕೇಸ್ ಶೀಟಿನ ಮೇಲ್ಭಾಗದಲ್ಲಿ ಬರೆಸಿ. ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲವೆಂದರೂ ರಕ್ತನಾಳಗಳು ಪೂರ್ತಿ ಬೆಳೆಯುವವರೆಗೆ ಮತ್ತೆ ಮತ್ತೆ ನೋಡಬೇಕಾಗುತ್ತದೆ, ಲೇಸರ್ ಬೇಕೆಂದು ಹೇಳಿದರೆ ಅದನ್ನು ಎರಡು ಮೂರು ದಿನದೊಳಗೆ ಮಾಡಿಸಬೇಕು. ಡಿಸ್ಚಾರ್ಜ್‌ಗೆ ಮುನ್ನ ಕಿವಿಯ ಪರೀಕ್ಷೆಯನ್ನೂ ಕೇಳಿ. ಎನ್‌ಐಸಿಯುನಲ್ಲಿದ್ದ ಶಿಶುಗಳಿಗೆ ಕಿವಿಯಿಂದ ಮೆದುಳಿಗೆ ಹೋಗುವ ನರದ ಸಂಕೇತವನ್ನು ನೋಡುವ ಎಎಬಿಆರ್ ಪರೀಕ್ಷೆಯೇ ಆಗಬೇಕು, ಕಿವಿಯೊಳಗಿನ ಪ್ರತಿಧ್ವನಿಯನ್ನು ಮಾತ್ರ ಅಳೆಯುವ ಪರೀಕ್ಷೆ ಅವರಿಗೆ ಸಾಲದು.